ಕೊನೆಗೆ ನಕಲು ಸಿಕ್ತಾ?

ಆಫೀಸಿನಲ್ಲಿ ನಮ್ಮದೊಂದು ಊಟದ ಗುಂಪಿದೆ, ಆರು ಜನ. ಅದರಲ್ಲಿ ಒಬ್ಬ ಕಾನ್ಪುರದ ಕಡೆಯವನು. ನಾನು ಹಳ್ಳಿಯಿಂದ ಬಂದವನು ಅಂತ ಗೊತ್ತಾದ ಮೇಲೆ ಒಂದು ದಿನ ಒಂದು ಪುಸ್ತಕ ತಂದು ನನ್ನ ಟೇಬಲ್ ಮೇಲಿಟ್ಟು, "ಓದು, ನಿಮ್ಮೂರಿನ ಕಥೆನೇ" ಅಂದ. ಶ್ರೀಲಾಲ್ ಶುಕ್ಲ ಅವರ 'ರಾಗ್ ದರ್ಬಾರಿ'. 1968ರಲ್ಲಿ ಬಂದ ಹಿಂದಿ ಕಾದಂಬರಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿದೆ. ನನ್ನ ಹಿಂದಿ ಸಿನಿಮಾ ನೋಡೋಕೆ ಸಾಕಾಗುವಷ್ಟೇ ಇರೋದರಿಂದ ಅವನು ಕೊಟ್ಟದ್ದು ಗಿಲಿಯನ್ ರೈಟ್ ಅವರ ಇಂಗ್ಲಿಷ್ ಅನುವಾದ.

ಬಸ್ಸಿನಲ್ಲಿ ಓದುತ್ತಾ ನಾನು ನಕ್ಕ ನಗುವಿಗೆ ಪಕ್ಕದ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಶಿವಪಾಲಗಂಜ್ ಅಂತ ಒಂದು ಊರು. ಅಲ್ಲಿ ವೈದ್ಯಜಿ ಅಂತ ಒಬ್ಬ ದೊಡ್ಡ ಮನುಷ್ಯ. ಊರಿನ ಕಾಲೇಜಿಗೂ ಅವರೇ ಮ್ಯಾನೇಜರು, ಸಹಕಾರ ಸಂಘವೂ ಅವರ ಕೈಲೇ. ಸಂಘದ ಗೋದಾಮಿನಿಂದ ಗೋಧಿ ಲಾರಿಗೆ ಹೇರಿಕೊಂಡು ಸೂಪರ್‌ವೈಸರ್ ಪರಾರಿಯಾದರೆ, ಆದ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು ಅಂತ ಸಂಘ ಠರಾವು ಮಾಡುತ್ತೆ! ಭಂಗಿ ಅರೆಯುವ ಆಳು ಸನೀಚರನನ್ನು ಗ್ರಾಮ ಪ್ರಧಾನನಾಗಿ ಮಾಡ್ತಾರೆ. ಇದನ್ನೆಲ್ಲ ನೋಡುತ್ತಾ ಕೂತಿರುವವನು ವೈದ್ಯಜಿಯ ಸೋದರಳಿಯ ರಂಗನಾಥ. ಎಂ.ಎ. ಮಾಡಿಕೊಂಡು, ಸಂಶೋಧನೆ ಅಂತ ಹೊರಟು, ಆರೋಗ್ಯ ಕೆಟ್ಟು ಸುಧಾರಿಸಿಕೊಳ್ಳೋಕೆ ಮಾವನ ಮನೆಗೆ ಬಂದವನು.

ಮತ್ತೆ ಅದರಲ್ಲಿ ಲಂಗಡ ಬರ್ತಾನೆ. ಕಾಲು ಕುಂಟ, ಅದೇ ಅವನ ಹೆಸರು. ತಹಸೀಲು ಕಚೇರಿಯಿಂದ ಅವನಿಗೆ ಒಂದು ದಾಖಲೆಯ ನಕಲು ಬೇಕು. ಗುಮಾಸ್ತ ಐದು ರೂಪಾಯಿ ಕೇಳಿದ, ಇವನು ರೇಟು ಎರಡೇ ಅಂದ. ಮಾತಿಗೆ ಮಾತು ಬೆಳೀತು. ಕೊಡೋದೇ ಇಲ್ಲ, ಕಾನೂನು ಪ್ರಕಾರವೇ ತಗೋತೀನಿ ಅಂತ ಇವನು. ಹಾಗಾದರೆ ನಾನೂ ಕಾನೂನು ಪ್ರಕಾರವೇ ಕೊಡ್ತೀನಿ ಅಂತ ಅವನು. ಇಬ್ಬರಿಗೂ ಅದು ಧರ್ಮಯುದ್ಧ. ಅಲ್ಲಿಂದ ಲಂಗಡ ಕಾದಂಬರಿ ಪೂರ್ತಿ ನಡೀತಾನೇ ಇರ್ತಾನೆ. ಅರ್ಜಿಯಲ್ಲಿ ಒಂದಿಲ್ಲೊಂದು ತಪ್ಪು, ಮತ್ತೆ ಅರ್ಜಿ, ಮತ್ತೆ ನಡಿಗೆ. ಕೊನೆಗೊಂದು ದಿನ ನಕಲು ತಯಾರಾಗುತ್ತೆ, ನೋಟಿಸ್ ಬೋರ್ಡಿನಲ್ಲಿ ಹಾಕ್ತಾರೆ. ಸರಿಯಾಗಿ ಆ ದಿನಗಳಲ್ಲೇ ಲಂಗಡ ಆ ಕಡೆ ಬಂದಿರಲ್ಲ. ಅವಧಿ ಮುಗೀತು ಅಂತ ನಕಲನ್ನು ಹರಿದು ಹಾಕ್ತಾರೆ.

ಊಟದ ಟೇಬಲ್ಲಿನಲ್ಲಿ ನಾವು ಅತಿ ಹೆಚ್ಚು ನಕ್ಕಿದ್ದು ಇವನಿಗೇ. ಪುಸ್ತಕ ಮುಗಿದ ಮೇಲೆ ನಮ್ಮ ಗುಂಪಿಗೆ ಶಿವಪಾಲಗಂಜ್ ಸಾಕಾಗಲಿಲ್ಲ, ಇನ್ನಷ್ಟು ಬೇಕಾಯ್ತು. ನನ್ನ ಹತ್ತಿರ ಸರಕಿಗೇನು ಬರ? ನಮ್ಮೂರ ಪಂಚಾಯ್ತಿ, ಸೊಸೈಟಿ, ಗಣಪತಿ ಕೂರಿಸೋ ಕಮಿಟಿಯ ಎರಡು ಪಾರ್ಟಿ, ಎಲ್ಲ ಬಂತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ನಮ್ಮಪ್ಪನ ಪೋಡಿ ಕಥೆಗೆ.

ಪೋಡಿ ಅಂದರೆ ಏನು ಅಂತ ಪಟ್ಟಣದವರಿಗೆ ಹೇಳಬೇಕಾಗುತ್ತೆ. ತಾತನ ಜಮೀನು ಮೂರು ಜನ ಮಕ್ಕಳಿಗೆ ಭಾಗವಾಗಿರುತ್ತೆ, ಉಳುವುದೂ ಬೇರೆ ಬೇರೆ, ಬದುವೂ ಬೇರೆ. ಆದರೆ ಸರ್ವೆ ನಂಬರು ಮಾತ್ರ ಒಂದೇ, ಪಹಣಿಯಲ್ಲಿ ಮೂರೂ ಹೆಸರು ಒಟ್ಟಿಗೆ. ಅಳತೆ ಮಾಡಿಸಿ ನಂಬರನ್ನು ಒಡೆದು ಬೇರೆ ಮಾಡಿಸೋದೇ ಪೋಡಿ. ಅಪ್ಪ ಅರ್ಜಿ ಕೊಟ್ಟು, ಕಟ್ಟಬೇಕಾದ ಶುಲ್ಕ ಕಟ್ಟಿ, ರಸೀದಿ ಇಟ್ಟುಕೊಂಡು, ನಾಲ್ಕು ವರ್ಷದಿಂದ ತಾಲ್ಲೂಕು ಕಚೇರಿಗೆ ಓಡಾಡ್ತಿದ್ದಾರೆ. ಒಂದು ಸಲ ಸರ್ವೆಯರ್ ರಜೆ, ಒಂದು ಸಲ ಹಳೇ ಟಿಪ್ಪಣಿ ಪುಸ್ತಕ ಸಿಗ್ತಿಲ್ಲ, ಒಂದು ಸಲ ಚಿಕ್ಕಪ್ಪನ ಸಹಿ ಬೇರೆ ಥರ ಇದೆ. 'ಹೊರಗಡೆ' ಮಾತಾಡಿದರೆ ಬೇಗ ಆಗುತ್ತೆ ಅಂತ ಎಲ್ಲರೂ ಹೇಳಿದಾರೆ. ಅಪ್ಪನದು ಒಂದೇ ಉತ್ತರ: "ಶುಲ್ಕ ಕಟ್ಟಿದೀನಲ್ಲ." ಕಾಗದಗಳನ್ನೆಲ್ಲ ಗೊಬ್ಬರದ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೋಗ್ತಾರೆ. ಕೌಂಟರಿನ ಮುಂದೆ ಅದನ್ನು ಒಂದೊಂದಾಗಿ ಬಿಚ್ಚೋದನ್ನ ನಾನು ಟೇಬಲ್ಲಿನಲ್ಲಿ ಅಭಿನಯಿಸಿ ತೋರಿಸ್ತಿದ್ದೆ. ಟಿಶ್ಯೂ ಪೇಪರ್ ಇಟ್ಟುಕೊಂಡು. ಚೆನ್ನಾಗಿ ಮಾಡ್ತಿದ್ದೆ ಅಂತ ಈಗಲೂ ಅನ್ನಿಸುತ್ತೆ, ಅದೇ ಬೇಜಾರು.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ರಾತ್ರಿ ಕರೆಂಟು ಹೋಯ್ತು. ಜಗಲಿ ಮೇಲೆ ಅಪ್ಪ, ಅಮ್ಮ, ಚಿಕ್ಕಪ್ಪನ ಮಗ, ನಾನು. ಸುಮ್ಮನೆ ಕೂತು ಏನು ಮಾಡೋದು ಅಂತ ಲಂಗಡನ ಕಥೆ ಶುರು ಮಾಡಿದೆ. ಅಪ್ಪನಿಗೆ ನಗು ಬರುತ್ತೆ, ತನ್ನ ಹಾಗೇ ಇನ್ನೊಬ್ಬ ಇದ್ದಾನಲ್ಲ ಅಂತ ಖುಷಿಯಾಗುತ್ತೆ ಅಂತ ನನ್ನ ಲೆಕ್ಕ.

ಅಪ್ಪ ನಗಲಿಲ್ಲ. ಪ್ರಶ್ನೆ ಕೇಳೋಕೆ ಶುರು ಮಾಡಿದ್ರು. ಅವನ ಊರಿಂದ ಕಚೇರಿ ಎಷ್ಟು ದೂರ? ಕುಂಟಿಕೊಂಡು ಹೋಗ್ತಿದ್ನಾ, ಬಸ್ಸಿರಲಿಲ್ವಾ? ಅರ್ಜಿಗೆ ಸ್ವೀಕೃತಿ ಇಸ್ಕೊಂಡಿದ್ನಾ? ನನಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಆಮೇಲೆ, "ಕೊನೆಗೆ ನಕಲು ಸಿಕ್ತೇನ್ಲಾ?" ಅಂದ್ರು. ಬೋರ್ಡಿನ ವಿಷಯ, ಹರಿದು ಹಾಕಿದ್ದು ಹೇಳಿದೆ. ಆಫೀಸಿನಲ್ಲಿ ಎಲ್ಲರೂ ಹೋ ಅಂತ ನಗೋ ಜಾಗ ಅದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಜನ ಇದ್ರಲ್ಲ ಊರಲ್ಲಿ. ನಿನ್ನ ಕಾಗದ ಬಂದದೆ ಹೋಗಿ ಇಸ್ಕೊ ಅಂತ ಒಬ್ರಾದ್ರೂ ಹೇಳ್ಬಾರ್ದಿತ್ತಾ?" ಅಂದ್ರು.

ಅಮ್ಮ ಒಳಗಿಂದ ದೀಪ ತರುತ್ತಾ, "ಎರಡು ರೂಪಾಯಿಗೆ ಇಷ್ಟು ರಾಮಾಯಣ ಯಾಕೆ? ಬಿಸಾಕಿ ಬಂದಿದ್ರೆ ಆಗ್ತಿತ್ತು" ಅಂದ್ರು. ಅದು ಲಂಗಡನಿಗೆ ಹೇಳಿದ್ದೋ ಅಪ್ಪನಿಗೆ ಹೇಳಿದ್ದೋ, ನಾವ್ಯಾರೂ ಕೇಳಲಿಲ್ಲ.

ಒಂದೇ ಕಥೆ. ಆರು ಜನ ಇಂಜಿನಿಯರುಗಳು ನಕ್ಕರು, ಅಮ್ಮ ಬೈದರು, ಅಪ್ಪ ಸಾಕ್ಷಿಯಾಗಿ ಹೇಳಿಕೆ ತಗೊಂಡ ಹಾಗೆ ವಿಚಾರಿಸಿದರು. ಯಾರು ಸರಿಯಾಗಿ ಓದಿದ್ದು? ಅವತ್ತಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ವಿಡಂಬನೆ ಬರೆಯುವವರು ಒಂದು ವಿಚಿತ್ರ ಕೆಲಸ ಮಾಡ್ತಾರೆ. ತಮಗೆ ಹೇಳಬೇಕಾದ್ದನ್ನು ಬರೆಯದೆ ಅದರ ಉಲ್ಟಾ ಬರೀತಾರೆ. ನಮ್ಮ ಕೋಡಿನಲ್ಲಿ 'ಅಲ್ಲ' ಅನ್ನೋದಕ್ಕೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕ್ತೀವಿ. ಅದನ್ನು ಮರೆತರೆ ಪ್ರೋಗ್ರಾಂ ಓಡುತ್ತೆ, ಉತ್ತರ ಮಾತ್ರ ತಲೆಕೆಳಗು. ವಿಡಂಬನೆಯ ಲೇಖಕ ಆ ಚಿಹ್ನೆಯನ್ನ ಬೇಕಂತಲೇ ಬಿಟ್ಟಿರ್ತಾನೆ. ಎಲ್ಲಿ ಹಾಕಬೇಕು, ಎಷ್ಟು ಕಡೆ ಹಾಕಬೇಕು ಅನ್ನೋದು ಓದುವವನ ಪಾಲಿಗೆ ಬಿಟ್ಟದ್ದು. ನಾವು ಎಡವೋದೂ ಅಲ್ಲೇ.

ಸ್ವಿಫ್ಟ್ ಮಹಾಶಯನ 'ಗಲಿವರ್' ಬಂದ 1726ರಲ್ಲೇ, ಐರ್ಲೆಂಡಿನ ಒಬ್ಬ ಬಿಷಪ್ಪು ಇದರಲ್ಲಿ ಇರೋದೆಲ್ಲ ಸುಳ್ಳು, ನಾನಂತೂ ನಂಬೋದಿಲ್ಲ ಅಂದರಂತೆ. ಸ್ವಿಫ್ಟ್ ಇದನ್ನು ಗೆಳೆಯ ಪೋಪ್ ಕವಿಗೆ ಕಾಗದದಲ್ಲಿ ಬರೆದಿದ್ದಾನೆ (ಅವನ ಸ್ವಭಾವ ನೋಡಿದರೆ ಇದೂ ತಮಾಷೆ ಇರಬಹುದು). ಇಂಥ ಓದುಗರಿಂದ ತೊಂದರೆ ಏನಿಲ್ಲ, ಪಾಪ. ನನಗೆ ಭಯ ಆಗೋದು ಬುದ್ಧಿವಂತ ಓದುಗರನ್ನು ಕಂಡರೆ. 1944ರಲ್ಲಿ ಜಾರ್ಜ್ ಆರ್ವೆಲ್ ತನ್ನ 'ಅನಿಮಲ್ ಫಾರ್ಮ್' ಹಸ್ತಪ್ರತಿಯನ್ನು ಲಂಡನ್ನಿನ ಫೇಬರ್ ಪ್ರಕಾಶನಕ್ಕೆ ಕಳಿಸ್ತಾನೆ. ಅಲ್ಲಿ ಅದನ್ನು ಓದಿ ಬೇಡ ಅಂದವರು ಸಾಮಾನ್ಯರಲ್ಲ, ಟಿ. ಎಸ್. ಎಲಿಯಟ್. ಅವರ ವಾದದ ಸಾರಾಂಶ ಹೀಗೆ: ಹಂದಿಗಳೇ ಎಲ್ಲ ಪ್ರಾಣಿಗಳಿಗಿಂತ ಬುದ್ಧಿವಂತರು, ತೋಟ ನಡೆಸೋ ಯೋಗ್ಯತೆ ಇರೋದು ಅವಕ್ಕೇ, ಕೊರತೆ ಇದ್ದದ್ದು ಜನಹಿತದ ಬಗ್ಗೆ ಕಾಳಜಿ ಇರುವ ಹಂದಿಗಳದ್ದು! ಅಷ್ಟು ದೊಡ್ಡ ಕವಿ ಕುದುರೆ ಕಡೆ, ಕುರಿ ಕಡೆ ನೋಡದೆ ಹಂದಿಗಳ ಜಾಗದಲ್ಲಿ ನಿಂತು ಯೋಚಿಸಿದರು. ಎಲಿಯಟ್ಟರನ್ನು ಗೇಲಿ ಮಾಡೋದು ಸುಲಭ. ಆದರೆ ಮ್ಯಾನೇಜರ್ ಆದ ಮೇಲೆ ಆ ಪುಸ್ತಕ ಮತ್ತೆ ಓದಿದಾಗ ನನಗೂ ಒಂದೆರಡು ಕಡೆ 'ಹಂದಿ ಹೇಳೋದರಲ್ಲೂ ಪಾಯಿಂಟ್ ಇದೆ' ಅನ್ನಿಸಿತ್ತು. ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದೆ.

ಅದೇ ಪುಸ್ತಕ 1954ರಲ್ಲಿ ಕಾರ್ಟೂನ್ ಸಿನಿಮಾ ಆಯ್ತು, ಅಮೆರಿಕದ ಸಿಐಎ ಗುಟ್ಟಾಗಿ ದುಡ್ಡು ಹಾಕಿತ್ತು. ಪುಸ್ತಕದ ಕೊನೆಯಲ್ಲಿ ಹಂದಿ ಯಾರು ಮನುಷ್ಯ ಯಾರು ಅಂತ ಗುರುತು ಸಿಗದೆ ಪ್ರಾಣಿಗಳು ಕಿಟಕಿಯಾಚೆ ನಿಂತಿರುತ್ತವೆ. ಸಿನಿಮಾದಲ್ಲಿ ಹಾಗಿಲ್ಲ. ಪ್ರಾಣಿಗಳು ಹಂದಿಗಳ ಮೇಲೆ ತಿರುಗಿಬೀಳುತ್ತವೆ, ಅಲ್ಲಿಗೆ ಮುಗೀತು. ಮನುಷ್ಯರೂ ಹಂದಿಗಳಷ್ಟೇ ಕೆಟ್ಟವರು ಅನ್ನೋ ಅರ್ಧ ಭಾಗ ದುಡ್ಡು ಹಾಕಿದವರಿಗೆ ಬೇಡವಾಗಿತ್ತು. ಓದುಗನ ಕೈಗೆ ದುಡ್ಡು ಬಂದರೆ ಕಥೆಯ ಕೊನೆಯನ್ನೇ ಬದಲಾಯಿಸಿಬಿಡಬಹುದು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನನಗೆ ಮುಂದೆ ಬೇಕಾಗುತ್ತೆ.

ಲಂಗಡನ ಕಡೆಗೇ ಬರೋಣ. ಕನ್ನಡದಲ್ಲಿ ಅವನ ಒಡಹುಟ್ಟಿದವನ ಥರ ಇನ್ನೊಬ್ಬ ಇದ್ದಾನೆ, ನಿಮಗೆ ಆಗಲೇ ಹೊಳೆದಿರುತ್ತೆ. ತೇಜಸ್ವಿಯವರ ತಬರ. ಕಾಸರವಳ್ಳಿಯವರ ಸಿನಿಮಾದಲ್ಲಿ ಚಾರುಹಾಸನ್ ಮಾಡಿದ್ದಾರಲ್ಲ, ಅದೇ ತಬರ. ಪಿಂಚಣಿಗೋಸ್ಕರ ಕಚೇರಿಯಿಂದ ಕಚೇರಿಗೆ ಅಲೆದು ಅಲೆದು, ದುಡ್ಡು ಮಂಜೂರಾಗೋ ಹೊತ್ತಿಗೆ ಕಾಲು ಕೊಳೆತು ಹೆಂಡತಿಯೇ ಹೋಗಿರ್ತಾಳೆ. ನಮ್ಮೂರಲ್ಲಿ ಟೀವಿಯಲ್ಲಿ ಅದು ಬಂದಾಗ ಅಪ್ಪ ಅರ್ಧಕ್ಕೇ ಎದ್ದು ಹೋಗಿದ್ರು, ದನ ಕಟ್ಟೋದಿದೆ ಅಂತ. ದನ ಆಗಲೇ ಕಟ್ಟಾಗಿತ್ತು.

ಲಂಗಡನ ಕಷ್ಟಕ್ಕೂ ತಬರನ ಕಷ್ಟಕ್ಕೂ ಮೂಲದಲ್ಲಿ ಏನು ವ್ಯತ್ಯಾಸ? ಅದೇ ಕೌಂಟರು, ಅದೇ 'ನಾಳೆ ಬಾ'. ಆದರೆ ತಬರನ ಕಥೆ ನಮಗೆ ಆಯ್ಕೆ ಕೊಡೋದಿಲ್ಲ. ನಮ್ಮನ್ನು ಕೈಹಿಡಿದು ತಬರನ ಪಕ್ಕ ನಿಲ್ಲಿಸಿಬಿಡುತ್ತೆ, ಅಳೋದೊಂದೇ ದಾರಿ. ಅತ್ತು ಎದ್ದು ಬಂದ ಮೇಲೆ ನಾವು ಒಳ್ಳೆಯವರು ಅನ್ನೋ ಭಾವನೆಯೂ ಬಿಟ್ಟಿಯಾಗಿ ಸಿಗುತ್ತೆ. ಶುಕ್ಲರು ಹಾಗೆ ಮಾಡಲ್ಲ. ಲಂಗಡನನ್ನು ತೋರಿಸಿ ನಗೋದಕ್ಕೆ ಬೇಕಾದ ಎಲ್ಲ ಅನುಕೂಲ ಮಾಡಿಕೊಟ್ಟು ಸುಮ್ಮನಾಗ್ತಾರೆ. ನಾವು ಗುಮಾಸ್ತನ ಪಕ್ಕ ನಿಂತು ನಕ್ಕರೂ ಪುಟ ತಿರುಗುತ್ತೆ, ಲಂಗಡನ ಪಕ್ಕ ನಿಂತು ಸಿಟ್ಟಾದರೂ ಪುಟ ತಿರುಗುತ್ತೆ. ಪುಸ್ತಕ ತಡೆಯೋದಿಲ್ಲ. ಹಾಗಾಗಿ ನನ್ನ ನಗುವಿಗೆ ನಾನೇ ಜವಾಬ್ದಾರ, ಶುಕ್ಲರು ನಗಿಸಿದರು ಅಂತ ಹೇಳಿ ತಪ್ಪಿಸ್ಕೊಳ್ಳೋ ಹಾಗಿಲ್ಲ.

ಊರಿಂದ ಬಂದು ಪುಸ್ತಕ ಮತ್ತೆ ಓದಿದೆ. ಮೊದಲ ಸಲ ರಂಗನಾಥನನ್ನ ಗಮನಿಸಿಯೇ ಇರಲಿಲ್ಲ. ಅವನು ಕ್ಯಾಮೆರಾ ಇದ್ದ ಹಾಗೆ, ಅವನ ಮೂಲಕ ನೋಡ್ತಾ ಹೋಗಿದ್ದೆ ಅಷ್ಟೆ. ಎರಡನೇ ಸಲ ಕಂಡದ್ದು ಬೇರೆ. ಎಲ್ಲ ಅನ್ಯಾಯವೂ ಅವನ ಕಣ್ಣ ಮುಂದೆಯೇ ಆಗುತ್ತೆ. ಅವನಿಗೆ ಬೇಜಾರಾಗುತ್ತೆ, ಸಿಟ್ಟು ಬರುತ್ತೆ, ಕೆಲವು ಸಲ ಮಜವೂ ಬರುತ್ತೆ. ಮಾವನ ಮನೆಯ ಊಟ ಮಾತ್ರ ಬಿಡೋದಿಲ್ಲ. ಕೊನೆಗೆ ಖನ್ನಾ ಮೇಷ್ಟ್ರನ್ನು ಬಲವಂತವಾಗಿ ರಾಜೀನಾಮೆ ಕೊಡಿಸಿ ಓಡಿಸಿದ ಮೇಲೆ ಆ ಖಾಲಿ ಜಾಗ ಬೇಕಾ ಅಂತ ಇವನನ್ನೇ ಕೇಳ್ತಾರೆ! ಕೊನೆ ಪುಟಗಳಲ್ಲಿ ಲೇಖಕರು ರಂಗನಾಥನನ್ನೂ ದಾಟಿ ನೇರವಾಗಿ 'ನೀನು' ಅಂತ ಓದುಗನ ಹತ್ತಿರವೇ ಮಾತಾಡೋಕೆ ಶುರು ಮಾಡ್ತಾರೆ. ನೀನು ಮಧ್ಯಮದ ಮನುಷ್ಯ, ಈ ಕೆಸರು ನಿನಗಲ್ಲ, ಓಡು, ಸಂಶೋಧನೆಗೋ ಸಮ್ಮೇಳನಕ್ಕೋ ಹಳೇ ಕಾಲದ ವೈಭವಕ್ಕೋ ಎಲ್ಲಿಗಾದರೂ ಓಡು ಅನ್ನೋ ಧಾಟಿಯಲ್ಲಿ. ಮೊದಲ ಓದಿನಲ್ಲಿ ಇದನ್ನ ಬರೀ ಭಾಷೆಯ ಚಮತ್ಕಾರ ಅಂದ್ಕೊಂಡು ಮೆಚ್ಚಿ ಅಡಿಗೆರೆ ಹಾಕಿದ್ದೆ. ಬೆಂಗಳೂರಿನಲ್ಲಿ, ಎಂಟನೇ ಮಹಡಿಯಲ್ಲಿ ಕೂತು.

ಇದನ್ನೆಲ್ಲ ಕಾನ್ಪುರದ ಗೆಳೆಯನಿಗೆ ಹೇಳಿದರೆ ಅವನು ಒಪ್ಪಲಿಲ್ಲ. "ಕಥೆನ ಕಥೆ ಥರ ಓದಯ್ಯ. ನಗೋಕೂ ಪರ್ಮಿಷನ್ ಬೇಕಾ?" ಅಂದ. ಅವನ ಮಾತಲ್ಲಿ ಹುರುಳಿದೆ. ನಮ್ಮೂರ ಅರಳೀಕಟ್ಟೆಯಲ್ಲಿ ನಗುವಷ್ಟು ನಿರ್ದಯವಾಗಿ ನಾವು ಆಫೀಸಿನಲ್ಲಿ ನಗಲ್ಲ. ಸತ್ತವರ ತಿಥಿಯಲ್ಲೇ ಸತ್ತವರನ್ನ ಗೇಲಿ ಮಾಡ್ತಾರೆ. ಆದರೆ ಅಲ್ಲಿ ನಕ್ಕವನೇ ಮರುದಿನ ಗೇಲಿಗೆ ಸಿಕ್ಕಿಬೀಳ್ತಾನೆ, ಅವನ ಕಾಗದವೂ ಅದೇ ಕೌಂಟರಿನಲ್ಲಿ ಕೊಳೀತಿರುತ್ತೆ. ನಮ್ಮ ಊಟದ ಟೇಬಲ್ಲಿಗೆ ಆ ಭಯ ಇಲ್ಲ.

ಎಲ್ಲ ತಪ್ಪನ್ನೂ ಓದುಗನ ತಲೆಗೇ ಕಟ್ಟೋದೂ ನ್ಯಾಯವಲ್ಲ. ಶುಕ್ಲರು ಸರ್ಕಾರಿ ಅಧಿಕಾರಿ, ಕೌಂಟರಿನ ಆ ಕಡೆಯವರು. ಅಷ್ಟು ದೊಡ್ಡ ಕಾದಂಬರಿಯಲ್ಲಿ ಹೆಂಗಸರೇ ಇಲ್ಲ ಅನ್ನಬಹುದು. ಬೇಲಾ ಅಂತ ಒಬ್ಬ ಹುಡುಗಿಯ ಸುದ್ದಿ ಊರೆಲ್ಲ ಓಡಾಡುತ್ತೆ, ಅವಳು ಓಡಾಡೋದು ಕಮ್ಮಿ. ನಮ್ಮಮ್ಮನಂಥವರು ಶಿವಪಾಲಗಂಜಿನಲ್ಲಿ ದೀಪ ಹಚ್ಚುತ್ತಾ ಏನಂದುಕೊಂಡರು ಅಂತ ಆ ಪುಸ್ತಕದಿಂದ ತಿಳಿಯೋದಿಲ್ಲ. ಒಂದು ಹಳ್ಳಿಯಲ್ಲಿ ಒಳ್ಳೇ ಕೆಲಸ ಮಾಡೋನು ಒಬ್ಬನೂ ಇಲ್ವಾ ಅಂತಲೂ ಕೇಳಬಹುದು. ವಿಡಂಬನೆಯನ್ನು ನಂಬಿ ಓದೋದಷ್ಟೇ ಓದುಗನ ಕೆಲಸ ಅಲ್ಲವಲ್ಲ, ಅದರ ಹತ್ತಿರ ಜಗಳವನ್ನೂ ಆಡಬೇಕು. ಅಪ್ಪ ಆಡಿದ್ದು ಅದನ್ನೇ. ಊರಲ್ಲಿ ಒಬ್ಬರಾದರೂ ಹೇಳಬಾರದಿತ್ತಾ ಅಂತ. ಆ ಪ್ರಶ್ನೆ ಶುಕ್ಲರಿಗೂ ತಾಗುತ್ತೆ, ರಂಗನಾಥನಿಗೂ ತಾಗುತ್ತೆ, ಪಕ್ಕದಲ್ಲೇ ಕೂತಿದ್ದ ನನಗೂ.

ಯಾಕಂದರೆ ನಾನೇನು ಮಾಡಿದ್ದೆ? ನಾಲ್ಕು ವರ್ಷ ಅಪ್ಪ ಓಡಾಡಿದಾರೆ. ನಾನು ಕಂಪ್ಯೂಟರ್ ಇಂಜಿನಿಯರು. ಕರ್ನಾಟಕದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ಬಗ್ಗೆ ಕಾಲೇಜಿನಲ್ಲಿ ಸೆಮಿನಾರ್ ಕೊಟ್ಟವನು. 'ಸಕಾಲ' ಕಾಯ್ದೆ ಇದೆ, ಇಂತಿಷ್ಟು ದಿನದಲ್ಲಿ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು ಅಂತ ಗೊತ್ತು. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬರೆಯೋಕೆ ಅರ್ಧ ಗಂಟೆ ಸಾಕು. ಅಪ್ಪನ ಜೊತೆ ಒಂದೇ ಒಂದು ದಿನ ಆ ಕಚೇರಿಗೆ ಹೋಗಿರಲಿಲ್ಲ. ಹೋಗಿದ್ದರೆ ಟಿಶ್ಯೂ ಪೇಪರಿನ ಅಭಿನಯ ಅಷ್ಟು ಸಲೀಸಾಗಿ ಬರ್ತಿರಲಿಲ್ಲವೇನೋ.

ಹಬ್ಬ ಮುಗಿಸಿ ಬಂದ ಒಂದು ತಿಂಗಳಿಗೆ ಊರಿನ ಒಬ್ಬ ಏಜೆಂಟನ ನಂಬರು ಹುಡುಕಿ ಫೋನು ಮಾಡಿದೆ. ಅವನು ಹೇಳಿದ ಮೊತ್ತ ನನ್ನ ಒಂದು ವಾರಾಂತ್ಯದ ಖರ್ಚಿಗಿಂತ ಹೆಚ್ಚೇನಿರಲಿಲ್ಲ. ಮೊಬೈಲಿನಲ್ಲೇ ಕಳಿಸಿದೆ. ಅಪ್ಪನಿಗೆ ಗೊತ್ತಾಗಬಾರದು ಅಂದೆ. "ಆಯ್ತು ಸಾರ್, ಎಲ್ಲರೂ ಹಂಗೇ ಹೇಳೋದು" ಅಂದ. ಮೂರು ವಾರದಲ್ಲಿ ಸರ್ವೆಯರ್ ಬಂದರು, ಸರಪಳಿ ಎಳೆದರು, ಕಲ್ಲು ನೆಟ್ಟರು, ಹೊಸ ನಂಬರು ಬಂತು. ಲಂಚದ ಮೇಲೆ ಬರೆದ ಕಾದಂಬರಿ ಓದಿ ಮನಸ್ಸು ಕರಗಿ ಲಂಚ ಕೊಟ್ಟವನು ನಾನೊಬ್ಬನೇ ಇರಬೇಕು. ಅಪ್ಪ ಇನ್ನೊಬ್ಬ ಲಂಗಡ ಆಗಬಾರದು ಅಂತ ಕಥೆಯ ಕೊನೆಯನ್ನ ದುಡ್ಡು ಕೊಟ್ಟು ಬದಲಾಯಿಸಿದೆ. ಆ ಕಾರ್ಟೂನ್ ಸಿನಿಮಾದವರನ್ನು ಮೇಲೆ ಅಷ್ಟು ಬೈದೆನಲ್ಲ.

ಪ್ರೀತಿಯಿಂದ ಮಾಡಿದ್ದು ಅಂತ ಎಷ್ಟೋ ಸಲ ಹೇಳ್ಕೊಂಡಿದ್ದೇನೆ. ಸುಳ್ಳೂ ಅಲ್ಲ ಅದು. ಆದರೆ ಅಪ್ಪ ಕೇಳಿದ್ದು ಅದನ್ನಲ್ಲ. ನಿನ್ನ ಕಾಗದ ಬಂದಿದೆ ಹೋಗಿ ಇಸ್ಕೊ ಅಂತ ಹೇಳೋ ಒಬ್ಬ ಜೊತೆಗಾರನನ್ನ ಕೇಳಿದ್ದು. ನಾನು ಅವರ ಧರ್ಮಯುದ್ಧವನ್ನ ಅವರಿಗೇ ಗೊತ್ತಿಲ್ಲದ ಹಾಗೆ ಮಾರಿದೆ. ಈಗ ಅಪ್ಪ ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳ್ತಾರೆ: "ಒಂದು ಕಾಸು ಕೊಡ್ಲಿಲ್ಲ ನೋಡು. ನಾಲ್ಕು ವರ್ಸ ಆಯ್ತು, ಆದ್ರೂ ಆಯ್ತು." ಅದನ್ನ ಕೇಳಿ ಪಕ್ಕದ ಮನೆಯವರೊಬ್ಬರು ತಮ್ಮ ಅರ್ಜಿ ಹಿಡ್ಕೊಂಡು, ಕಾಸು ಕೊಡದೇ, ಓಡಾಡೋಕೆ ಶುರು ಮಾಡಿದಾರೆ. ಅವರ ಮಗ ಬೆಂಗಳೂರಲ್ಲಿಲ್ಲ.

ಕಳೆದ ಸಲ ಹೋದಾಗ ಅಪ್ಪ ಹೊಸ ಪಹಣಿಯನ್ನು ಅದೇ ಗೊಬ್ಬರದ ಕವರಿನಿಂದ ತೆಗೆದು ತೋರಿಸಿ, "ಆ ಕುಂಟನ ಕಥೆ ಬರ್ದೋರು ಇದ್ದಾರಾ ಇನ್ನೂ?" ಅಂತ ಕೇಳಿದ್ರು. ಇಲ್ಲ, 2011ರಲ್ಲಿ ತೀರಿಕೊಂಡರು ಅಂದೆ. "ಇದ್ದಿದ್ರೆ ನಂದೂ ಹೇಳಬಹುದಿತ್ತು. ನೀನಾದ್ರೂ ಬರಿ" ಅಂದ್ರು.

ಬರೆದಿದ್ದೇನೆ. ನಾನು ಬರೆದದ್ದನ್ನು ಅಪ್ಪನಿಗೆ ಓದಿ ಹೇಳೋದು ಚಿಕ್ಕಪ್ಪನ ಮಗ. ಅವನು ಇಲ್ಲಿವರೆಗೆ ಓದ್ತಾನೋ, ಪೋಡಿ ಆಯ್ತು ಅನ್ನೋ ಕಡೆಗೆ ನಿಲ್ಲಿಸ್ತಾನೋ, ಅದನ್ನು ನಾನು ಅವನಿಗೆ ಹೇಳಿಕೊಟ್ಟಿಲ್ಲ.